ಹಳೆಯ ಯಂತ್ರಕ್ಕೆ ಹೊಸ ಕಿಡಿ

ಕನ್ನಡ ವ್ಯಾಕರಣದ ಮೊದಲ ಪಾಠಗಳನ್ನು ಓದಿದ ಮಕ್ಕಳೆಲ್ಲರಿಗೂ ಲೋಪ, ಆಗಮ, ಆದೇಶ ಎಂಬ ಮೂರು ಹೆಸರುಗಳು ಗೊತ್ತು. ಎರಡು ಪದಗಳು ಕೂಡುವಲ್ಲಿ ಇದ್ದ ಅಕ್ಷರವು ಬಿಟ್ಟುಹೋದರೆ ಲೋಪ. ‘ಮಾತು’, ‘ಇಲ್ಲ’ ಎಂಬುವು ಸೇರಿ ‘ಮಾತಿಲ್ಲ’ ಎಂದಾದಂತೆ. ಇಲ್ಲದ ಅಕ್ಷರವೊಂದು ಹೊಸದಾಗಿ ಬಂದು ನಡುವೆ ನಿಂತರೆ ಆಗಮ. ‘ಮನೆ’ಯು ‘ಮನೆಯನ್ನು’ ಎಂದಾದಂತೆ. ಇದ್ದ ಅಕ್ಷರವು ಹೋಗಿ ಅದರ ಜಾಗದಲ್ಲಿ ಮತ್ತೊಂದು ಕುಳಿತರೆ ಆದೇಶ. ‘ಮಳೆ’, ‘ಕಾಲ’ ಎಂಬುವು ಕೂಡಿ ‘ಮಳೆಗಾಲ’ ಎಂದಾದಂತೆ. ಪಾಠಶಾಲೆಗಳಲ್ಲಿ ಆಗಮವನ್ನು ಸ್ನೇಹಿತನಿಗೂ ಆದೇಶವನ್ನು ಹಗೆಗೂ ಹೋಲಿಸುವ ವಾಡಿಕೆಯುಂಟು. ಸ್ನೇಹಿತನು ಬಂದರೆ ಮಗ್ಗುಲಲ್ಲಿ ಕುಳಿತುಕೊಳ್ಳುವನು. ಹಗೆಯಾದವನು ಇದ್ದವನನ್ನು ಎಬ್ಬಿಸಿ ತಾನು ಕುಳಿತುಕೊಳ್ಳುವನು. ಈ ಮೂರು ಮಾತುಗಳು ಅಕ್ಷರಗಳಿಗೆ ಮಾತ್ರ ಸಲ್ಲುವುವೆಂದು ತಿಳಿಯಬೇಕಾಗಿಲ್ಲ. ಮೈಸೂರಿನ ಒಂದು ಮನೆಯಲ್ಲಿ ಹಳೆಯ ಮೋಟಾರು ಸೈಕಲ್ಲಿನ ವಿಷಯವಾಗಿ ನಡೆದ ಚರ್ಚೆಯಲ್ಲಿ ಈ ಮೂರೂ ಒಂದರ ಹಿಂದೆ ಒಂದು ಬಂದು ನಿಂತುವು.

ಆ ಮನೆಯ ಯಜಮಾನರು ಸರ್ಕಾರದ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಮಾಡಿ ವಿಶ್ರಾಂತಿವೇತನ ಪಡೆಯುತ್ತಿರುವವರು. ವಯಸ್ಸು ಎಪ್ಪತ್ತೈದನ್ನು ದಾಟಿದೆ. ಬೀದಿಯವರಿಗೆಲ್ಲ ಅವರು ರಾಯರು. ೧೯೭೦ರಲ್ಲಿ, ಕೆಲಸಕ್ಕೆ ಸೇರಿದ ಹೊಸತರಲ್ಲಿ, ಸಾಲಮಾಡಿ ಕೊಂಡ ಜಾವಾ ಗಾಡಿಯನ್ನು ಅವರು ಈವರೆಗೂ ಬಿಟ್ಟಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನು ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದದ್ದು ಅದರ ಮೇಲೆ. ಮಗನು ಹುಟ್ಟಿದಾಗ ಆಸ್ಪತ್ರೆಗೂ ಮನೆಗೂ ಓಡಾಡಿದ್ದು ಅದರ ಮೇಲೆ. ಹೆಂಡತಿ ತೀರಿಕೊಂಡ ವರ್ಷ ಹೊತ್ತುಹೋಗದೆ ಸಂಜೆಯ ವೇಳೆ ಕುಕ್ಕರಹಳ್ಳಿ ಕೆರೆಯವರೆಗೆ ಸುಮ್ಮನೆ ಹೋಗಿಬರುತ್ತಿದ್ದುದೂ ಅದರ ಮೇಲೆಯೆ.

ಜಾವಾ ಎಂಬ ಹೆಸರೂ ಒಂದು ಬಗೆಯ ಸಂಧಿಯೇ. ೧೯೨೯ರಲ್ಲಿ ಚೆಕೊಸ್ಲೊವಾಕಿಯ ದೇಶದಲ್ಲಿ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಸಂಸ್ಥೆಯಿಂದ ಮೋಟಾರು ಸೈಕಲ್ಲಿನ ವ್ಯವಹಾರವನ್ನು ಕೊಂಡಾಗ, ಎರಡು ಹೆಸರುಗಳ ಮೊದಲ ಭಾಗಗಳನ್ನು ಕೂಡಿಸಿ ಇದನ್ನು ಮಾಡಿದರು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಿಂದ ಈ ಗಾಡಿಗಳನ್ನು ತಯಾರುಮಾಡತೊಡಗಿತು. ೧೯೭೩ರಿಂದ ಯೆಜ್ಡಿ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರ್ಖಾನೆಯು ಮುಚ್ಚಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಗೇರು ಬದಲಿಸುವ ಸನ್ನೆಯನ್ನೇ ಒಳಕ್ಕೆ ಒತ್ತಿ ಹಿಂದಕ್ಕೆ ತಿರುವಿದರೆ ಗಾಡಿಯನ್ನು ಹೊರಡಿಸುವ ಕಿಕ್ಕರ್—ಇಂಥ ವಿಶೇಷಗಳನ್ನು ಮೈಸೂರಿನ ಹಿರಿಯರು ಇಂದಿಗೂ ನೆಂಟರ ಚಹರೆಯನ್ನು ಹೇಳುವಂತೆ ಹೇಳುವರು.

ಪೆಟ್ರೋಲಿನ ಯಂತ್ರಕ್ಕೆ ಕಿಡಿಯೇ ಪ್ರಾಣ. ಸಿಲಿಂಡರಿನಲ್ಲಿ ಪೆಟ್ರೋಲು ಬೆರೆತ ಗಾಳಿಯು ಅದುಮಲ್ಪಟ್ಟು, ಪಿಸ್ಟನ್ನು ಮೇಲಿನ ಕೊನೆಯನ್ನು ಮುಟ್ಟಲು ಇನ್ನು ಕೆಲವೇ ಮಿಲಿಮೀಟರು ಉಳಿದಿದೆಯೆನ್ನುವಾಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಬೇಕು. ಬಹಳ ಮುಂಚೆ ಹಾರಿದರೆ ಯಂತ್ರವು ಒಳಗೇ ಬಡಿದುಕೊಳ್ಳುವುದು. ತಡವಾದರೆ ಬಲವು ಕುಂದಿ ಕಾವು ಏರುವುದು. ರಾಯರ ಗಾಡಿಯ ಬ್ಯಾಟರಿಯಲ್ಲಿದ್ದುದು ೬ ವೋಲ್ಟು; ಪ್ಲಗ್ಗಿನ ಸಂದನ್ನು ದಾಟಿ ಕಿಡಿ ಹಾರಲು ಬೇಕಾದದ್ದು ಸಾವಿರಾರು ವೋಲ್ಟು. ಈ ಬಡತನದಿಂದ ಆ ಸಿರಿಯನ್ನು ಮಾಡುವ ಉಪಾಯವೇ ಕಾಯಿಲ್. ಒಂದೇ ಕಬ್ಬಿಣದ ತಿರುಳಿನ ಮೇಲೆ ಸುತ್ತಿದ ಎರಡು ಸುರುಳಿಗಳು. ಒಂದರಲ್ಲಿ ದಪ್ಪ ತಂತಿಯ ಕೆಲವು ಸುತ್ತುಗಳು, ಇನ್ನೊಂದರಲ್ಲಿ ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳು. ದಪ್ಪ ತಂತಿಯಲ್ಲಿ ವಿದ್ಯುತ್ತು ಹರಿಯುತ್ತಿರುವಾಗ ತಿರುಳಿನಲ್ಲಿ ಕಾಂತಶಕ್ತಿಯು ತುಂಬಿ ನಿಲ್ಲುವುದು. ಆ ಹರಿವನ್ನು ಥಟ್ಟನೆ ಕಡಿದರೆ ಕಾಂತಶಕ್ತಿಯು ಕುಸಿದು, ಸಣ್ಣ ತಂತಿಯಲ್ಲಿ ಸಾವಿರಾರು ವೋಲ್ಟುಗಳ ಸೆಲೆಯೊಡೆಯುವುದು. ಕಿಡಿಯು ಹುಟ್ಟುವುದು ಕೂಡಿಕೆಯಿಂದಲ್ಲ, ಅಗಲಿಕೆಯಿಂದ.

ಹೀಗೆ ಹೊತ್ತಿಗೆ ಸರಿಯಾಗಿ ಕಡಿಯುವ ಅಧಿಕಾರವು ಸಿ. ಬಿ. ಪಾಯಿಂಟು ಎಂಬ ಎರಡು ಪುಟ್ಟ ಲೋಹದ ಗುಂಡಿಗಳದ್ದು. ಗಾಡಿಯ ಬಲಮಗ್ಗುಲಿನ ಮುಚ್ಚಳವನ್ನು ತೆಗೆದರೆ ಡೈನಮೋವಿನ ಎದುರಿಗೆ ಅವು ಕಾಣುತ್ತವೆ. ಯಂತ್ರದ ಅಚ್ಚಿನೊಡನೆ ತಿರುಗುವ ಉಬ್ಬೊಂದು ಪ್ರತಿ ಸುತ್ತಿಗೂ ಒಂದು ಸಲ ಪಾಯಿಂಟಿನ ಹಿಮ್ಮಡಿಯನ್ನು ತಳ್ಳಿ ಗುಂಡಿಗಳನ್ನು ಅಗಲಿಸುವುದು. ಯಂತ್ರವು ನಿಮಿಷಕ್ಕೆ ೪,೦೦೦ ಸುತ್ತು ತಿರುಗಿದರೆ ಪಾಯಿಂಟುಗಳು ೪,೦೦೦ ಸಲ ಕೂಡಿ ೪,೦೦೦ ಸಲ ಅಗಲಬೇಕು. ಅಗಲುವಾಗ ವಿದ್ಯುತ್ತು ಅವುಗಳ ನಡುವೆಯೇ ಹಾರಿ ಗುಂಡಿಗಳನ್ನು ಸುಡದಂತೆ ಕಂಡೆನ್ಸರ್ ಎಂಬ ಚಿಕ್ಕ ಡಬ್ಬಿಯು ಅದನ್ನು ಒಂದು ಕ್ಷಣ ತನ್ನೊಳಗೆ ತಡೆದಿಟ್ಟುಕೊಳ್ಳುವುದು. ಆದರೂ ದಿನ ಕಳೆದಂತೆ ಗುಂಡಿಗಳು ಕರಿಕಾಗುವುವು; ಒಂದರಲ್ಲಿ ಹಳ್ಳ, ಇನ್ನೊಂದರಲ್ಲಿ ಗುಬುಟು ಏಳುವುದು. ಹಿಮ್ಮಡಿಯು ಸವೆದು ಸಂದು ಕಿರಿದಾಗುವುದು, ಕಿಡಿಯ ಹೊತ್ತೂ ಹಿಂದೆ ಬೀಳುವುದು. ಆಗ ಗುಂಡಿಗಳನ್ನು ಉಜ್ಜಿ ಸಂದನ್ನು ಮತ್ತೆ ಸುಮಾರು ೦.೪ ಮಿಲಿಮೀಟರಿಗೆ ತರಬೇಕು. ಎಂದರೆ ಒಂದು ದಪ್ಪ ಲಗ್ನಪತ್ರಿಕೆಯಷ್ಟು.

ತಿಂಗಳ ಮೊದಲನೆಯ ಭಾನುವಾರ ಈ ಕೆಲಸವನ್ನು ರಾಯರು ತಪ್ಪದೆ ಮಾಡುವರು. ಅಂಗಳದಲ್ಲಿ ಮಣೆ ಹಾಕಿಕೊಂಡು ಕುಳಿತು, ಮುಚ್ಚಳದ ತಿರುಪುಗಳನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟು, ಫೀಲರ್ ಗೇಜಿನ ತೆಳುವಾದ ಉಕ್ಕಿನ ಎಲೆಯನ್ನು ಸಂದಿನಲ್ಲಿ ಆಡಿಸಿ ನೋಡುವರು. ಎಲೆಯು ಜಾರಲೂಬೇಕು, ಜಾರುವಾಗ ಸ್ವಲ್ಪ ಹಿಡಿಯಲೂಬೇಕು. ಆ ಹಿಡಿತವು ಎಷ್ಟಿರಬೇಕೆಂಬುದು ಮಾತಿನಲ್ಲಿ ಹೇಳುವಂಥದಲ್ಲ, ಬೆರಳಿಗೆ ಗೊತ್ತಾಗಬೇಕು. ಬಳಿಕ ಕಟ್ಟುತಿರುಪನ್ನು ಬಿಗಿದು, ಉಬ್ಬಿಗೆ ತಾಗುವ ಉಣ್ಣೆಯ ತುಣುಕಿಗೆ ಒಂದೇ ತೊಟ್ಟು ಎಣ್ಣೆ ಬಿಟ್ಟು, ಕೈ ಒರಸಿಕೊಳ್ಳುವರು. ಮನೆಯವರು ಇದನ್ನು ರಾಯರ ಎರಡನೆಯ ಪೂಜೆ ಎನ್ನುವರು. ಐವತ್ತಕ್ಕೂ ಮೇಲ್ಪಟ್ಟ ವರ್ಷ ನಡೆದು ಬಂದ ಪೂಜೆ.

ಈಚೆಗೆ ಆ ಗಾಡಿಯನ್ನು ಹೆಚ್ಚಾಗಿ ಓಡಿಸುವವಳು ಮೊಮ್ಮಗಳು. ಮೈಸೂರಿನಲ್ಲಿಯೇ ಎಂಜಿನಿಯರಿಂಗ್ ಓದುತ್ತಿರುವ ಹುಡುಗಿ. ಎಲೆಕ್ಟ್ರಾನಿಕ್ಸ್ ಅವಳ ವಿಷಯ. ಹೊಸ ಗಾಡಿ ಕೊಡಿಸುತ್ತೇನೆಂದು ಪರಸ್ಥಳದಲ್ಲಿರುವ ತಂದೆಯು ಹೇಳಿದರೂ ಅವಳು ಒಪ್ಪದೆ ತಾತನ ಜಾವಾವನ್ನೇ ಹಿಡಿದಳು. ಒಂದು ಮಳೆಗಾಲದ ಸಂಜೆ ನಂಜನಗೂಡಿನಿಂದ ಹಿಂದಿರುಗುತ್ತಿರುವಾಗ, ಕಡಕೊಳದ ಸಮೀಪದಲ್ಲಿ ಗಾಡಿಯು ಎರಡು ಸಲ ಮಿಸ್ಸಿಂಗ್ ಹೊಡೆದು ನಿಂತುಬಿಟ್ಟಿತು. ಎಷ್ಟು ಒದ್ದರೂ ಏಳಲಿಲ್ಲ. ಕತ್ತಲೆ, ಮಳೆ, ಪಕ್ಕದಲ್ಲಿ ನೀರೆರಚಿಕೊಂಡು ಹೋಗುವ ಲಾರಿಗಳು. ಬೆಳಕಿದ್ದ ಒಂದು ಅಂಗಡಿಯ ಜಗಲಿಯವರೆಗೆ ಗಾಡಿಯನ್ನು ತಳ್ಳಿಕೊಂಡು ಹೋಗಿ, ಮನೆಗೆ ಫೋನು ಮಾಡಿ, ಎರಡು ಗಂಟೆಯ ಹೊತ್ತು ಅವಳು ನಿಂತಿದ್ದಳು. ಸೀಟಿನ ಕೆಳಗೆ ಉಪಕರಣದ ಚೀಲವಿದ್ದಿತು. ಅದರಲ್ಲಿ ಎಲ್ಲವೂ ಇದ್ದುವು. ಬಳಸುವ ಬಗೆ ಮಾತ್ರ ಅವಳಿಗೆ ತಿಳಿಯದು. ಭಾನುವಾರದ ಪೂಜೆಯನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಯಾರೂ ಅವಳ ಕೈಗೆ ತಿರುಪುಳಿಯನ್ನು ಕೊಟ್ಟಿರಲಿಲ್ಲ.

ಮಂಡಿ ಮೊಹಲ್ಲಾದಿಂದ ಆಟೋ ಹಿಡಿದು ಬಂದವರು ಉಸ್ತಾದರು. ಯಾದವಗಿರಿಯ ಕಾರ್ಖಾನೆಯಲ್ಲಿ ಡೈನಮೋ ಕೂರಿಸುವ ಸಾಲಿನಲ್ಲಿ ಇಪ್ಪತ್ತು ವರ್ಷ ಕೆಲಸಮಾಡಿ, ಅದು ಮುಚ್ಚಿದ ಬಳಿಕ ಸಣ್ಣ ಗ್ಯಾರೇಜು ಇಟ್ಟುಕೊಂಡವರು; ವಯಸ್ಸು ಎಪ್ಪತ್ತನ್ನು ಮುಟ್ಟಿದೆ. ಛತ್ರಿಯನ್ನು ಹುಡುಗಿಯ ಕೈಗೆ ಕೊಟ್ಟು, ಬ್ಯಾಟರಿದೀಪವನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮುಚ್ಚಳ ತೆಗೆದರು. ಪಾಯಿಂಟಿನ ಸಂದು ಮುಚ್ಚಿಹೋಗಿದ್ದಿತು. ಕಟ್ಟುತಿರುಪಿಗೆ ತಿರುಪುಳಿಯನ್ನು ಹಚ್ಚಿದರೆ, ಅದು ಯಾವ ಬಿಗಿಯೂ ಇಲ್ಲದೆ ಅರ್ಧ ಸುತ್ತು ತಿರುಗಿತು. ಉಸ್ತಾದರು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ಬೆಂಕಿಪೊಟ್ಟಣದ ಪಟ್ಟಿಯಿಂದ ಗುಂಡಿಗಳನ್ನು ಉಜ್ಜಿ, ಸಂದನ್ನು ಕಟ್ಟಿ, ತಿರುಪನ್ನು ಬಿಗಿದರು. ಎರಡನೆಯ ಒದೆಗೆ ಗಾಡಿಯು ಎದ್ದಿತು. ಮನೆಗೆ ಬಂದಮೇಲೆ ಏನಾಗಿತ್ತೆಂದು ಎಲ್ಲರೂ ಕೇಳಿದರು. “ಹಿಮ್ಮಡಿ ಸವೆದಿತ್ತು ಸ್ವಾಮಿ, ಅಷ್ಟೆ” ಎಂದು ಹೇಳಿ ಕಾಫಿ ಕುಡಿದು ಹೊರಟುಹೋದರು.

ಹಿಮ್ಮಡಿಯು ಆ ಬೇಸಗೆಯಲ್ಲಿಯೇ ಹೊಸದಾಗಿ ಹಾಕಿದ್ದೆಂಬುದು ರಾಯರೊಬ್ಬರಿಗೆ ಗೊತ್ತಿದ್ದಿತು.

ಮರುದಿನ ಮನೆಯಲ್ಲಿ ಚರ್ಚೆಯು ಆರಂಭವಾಯಿತು. ಮೊದಲು ಬಂದದ್ದು ಲೋಪ. ಸೊಸೆಯು, ರಾಯರ ಎದುರಿಗೆ ಎಂದೂ ದನಿಯೇರಿಸಿ ಮಾತನಾಡದವಳು, ಅಂದು ಬಾಗಿಲ ಬಳಿ ನಿಂತು ಹೇಳಿದಳು: “ಮಾವ, ಇದನ್ನು ಯಾರಿಗಾದರೂ ಕೊಟ್ಟುಬಿಡೋಣ. ನಿಮಗೆ ಬೇಸರವಾಗುತ್ತದೆಂದು ಗೊತ್ತು. ಆದರೆ ನಿನ್ನೆ ಆ ಎರಡು ಗಂಟೆ ಕಾಲ ನಾನು ಬದುಕಿರಲಿಲ್ಲ.” ಇದಕ್ಕೆ ಉತ್ತರವಿರಲಿಲ್ಲ. ಹಳೆಯ ವಸ್ತುವಿನ ಮೇಲಿನ ಮಮತೆಯು ಹೆತ್ತವಳ ಭಯದ ಎದುರಿಗೆ ವಾದಮಾಡತಕ್ಕದ್ದಲ್ಲ. ರಾಯರು ತಲೆದೂಗಿ ಸುಮ್ಮನಾದರು. ಮೊಮ್ಮಗಳು ಮಾತ್ರ, “ಅಮ್ಮಾ, ಗಾಡಿಯಲ್ಲಿ ಕೆಟ್ಟದ್ದು ಬೆರಳಗಲದ ಒಂದು ತುಣುಕು, ಅದಕ್ಕಾಗಿ ಗಾಡಿಯನ್ನೇ ಕೊಟ್ಟುಬಿಡುವುದೆ? ಅದೊಂದನ್ನು ಬದಲಿಸೋಣ” ಎಂದಳು.

ಅವಳು ಹೇಳಿದ ಮಾತಿಗೆ ದೊಡ್ಡ ಇತಿಹಾಸವುಂಟು. ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಈ ಏರ್ಪಾಡನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬಾತನು ೧೯೧೦ರ ಹೊತ್ತಿಗೆ ಕ್ಯಾಡಿಲಾಕ್ ಮೋಟಾರುಗಳಲ್ಲಿ ನೆಲೆಗೊಳಿಸಿದನು. ಅಲ್ಲಿಂದ ಮುಂದೆ ಅನೇಕ ದಶಕಗಳ ಕಾಲ ಜಗತ್ತಿನ ಲಕ್ಷಾಂತರ ಯಂತ್ರಗಳು ಅಂಥ ಗುಂಡಿಗಳನ್ನು ನಂಬಿ ನಡೆದುವು. ೧೯೪೭ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ, ಚಲಿಸುವ ಲೋಹವಿಲ್ಲದೆಯೇ ವಿದ್ಯುತ್ತನ್ನು ಕಡಿಯುವ ದಾರಿಯು ತೆರೆಯಿತು. ೧೯೬೯ರಲ್ಲಿ ಜಪಾನಿನ ಕಾವಾಸಾಕಿಯವರು ತಮ್ಮ ೫೦೦ ಸಿ. ಸಿ. ಯ ಟೂಸ್ಟ್ರೋಕ್ ಗಾಡಿಗೆ ಪಾಯಿಂಟುಗಳ ಬದಲು ಎಲೆಕ್ಟ್ರಾನಿಕ್ ಕಿಡಿಯನ್ನು ಕೊಟ್ಟರು. ಹುಲ್ಲು ಕತ್ತರಿಸುವ ಯಂತ್ರ, ನೀರೆತ್ತುವ ಪಂಪು ಮೊದಲಾದುವುಗಳಿಗೆ ಚಿಕ್ಕ ಎಂಜಿನ್ ಮಾಡುವ ಅಮೆರಿಕದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಸಂಸ್ಥೆಯು ೧೯೮೨ರಲ್ಲಿ ಪಾಯಿಂಟುಗಳನ್ನು ಬಿಟ್ಟಿತು. ಅವರ ಹಳೆಯ ಎಂಜಿನ್ನುಗಳಲ್ಲಿ ಪಾಯಿಂಟು ಇದ್ದುದು ಗಾಲಿತೂಕದ ಅಡಿಯಲ್ಲಿ. ಅರ್ಧ ಮಿಲಿಮೀಟರಿನ ಸಂದನ್ನು ನೋಡಬೇಕಾದರೆ ಭಾರವಾದ ಚಕ್ರವನ್ನೇ ಕೀಳಬೇಕಾಗಿದ್ದಿತು. ಆದಕಾರಣ ಅಂಥ ಎಂಜಿನ್ನುಗಳನ್ನು ಇನ್ನೂ ನಡೆಸುತ್ತಿರುವ ಗೃಹಸ್ಥರು, ಪಾಯಿಂಟಿಗೆ ಹೋಗುವ ತಂತಿಯನ್ನು ಕತ್ತರಿಸಿ ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಒಂದು ತುಣುಕನ್ನು ಕಾಯಿಲಿಗೆ ಸೇರಿಸಿಬಿಡುವರು. ಹಳೆಯ ಪಾಯಿಂಟು ಒಳಗೆ ಹಾಗೆಯೇ ಕುಳಿತಿರುವುದು, ಅದನ್ನು ಕೇಳುವವರಿಲ್ಲ.

ಹುಡುಗಿಯು ಮೊದಲು ಸೂಚಿಸಿದ್ದು ಆಗಮ. ಪಾಯಿಂಟು ಇದ್ದಲ್ಲಿಯೇ ಇರಲಿ. ಅದರ ಮಗ್ಗುಲಿಗೆ ಒಂದು ಟ್ರಾನ್ಸಿಸ್ಟರಿನ ಪೆಟ್ಟಿಗೆ ಬರಲಿ. ಕಾಯಿಲಿನ ಮೂರು ನಾಲ್ಕು ಆಂಪಿಯರ್ ವಿದ್ಯುತ್ತನ್ನು ಕಡಿಯುವ ಹೊರೆಯು ಪೆಟ್ಟಿಗೆಗೆ ಹೋಗುವುದು. ಪಾಯಿಂಟಿನ ಪಾಲಿಗೆ ‘ಈಗ’ ಎಂದು ಸನ್ನೆಮಾಡುವಷ್ಟು ಅಲ್ಪವಾದ ವಿದ್ಯುತ್ತು ಮಾತ್ರ ಉಳಿಯುವುದು. ಗುಂಡಿಗಳು ಸುಡವು, ಹಳ್ಳ ಬೀಳದು. ತಾತನ ಪಾಯಿಂಟೂ ಉಳಿಯಿತು, ಹೊಸ ವಿದ್ಯೆಯೂ ಬಂದಿತು. ರಾಯರ ಮುಖವು ಅರಳಿತು.

ಸಂಜೆ ಉಸ್ತಾದರು ಬಂದರು. ಹುಡುಗಿಯು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದಳು. ಅವರು ಗಮನವಿಟ್ಟು ಕೇಳಿ, “ಚೆನ್ನಾಗಿದೆ ಮಗಳೇ, ಸುಡುವುದು ತಪ್ಪುತ್ತದೆ” ಎಂದರು. ಸ್ವಲ್ಪ ತಡೆದು, “ಆದರೆ ಹಿಮ್ಮಡಿ ಸವೆಯುವುದು ತಪ್ಪುವುದಿಲ್ಲ. ಸಂದು ಕಟ್ಟುವುದು ತಪ್ಪುವುದಿಲ್ಲ. ತಿರುಪು ಬಿಗಿಯುವುದೂ ತಪ್ಪುವುದಿಲ್ಲ” ಎಂದರು. ಕೊನೆಯ ಮಾತನ್ನು ಹೇಳುವಾಗ ರಾಯರ ಕಡೆ ನೋಡದೆ ಅಂಗಳದ ತುಳಸೀಕಟ್ಟೆಯ ಕಡೆ ನೋಡಿದರು. “ಪೂರ್ತಿ ಎಲೆಕ್ಟ್ರಾನಿಕ್ ಹಾಕಿಸಿಬಿಡಿ ಸ್ವಾಮಿ.”

ಎಲ್ಲರಿಗೂ ಆಶ್ಚರ್ಯವಾಯಿತು. ಪಾಯಿಂಟು ಕಟ್ಟುವುದು, ಟೈಮಿಂಗ್ ನೋಡುವುದು—ಇವೇ ಅವರ ಗ್ಯಾರೇಜಿನ ಅನ್ನ. ಹಳೆಯ ಗಾಡಿಗಳವರು ದೂರದೂರಿನಿಂದ ಅವರನ್ನು ಹುಡುಕಿಕೊಂಡು ಬರುವುದು ಆ ಕೈಗಾಗಿ. “ನೀವೇ ಹೀಗೆ ಹೇಳುವುದೆ ಉಸ್ತಾದ್?” ಎಂದರು ರಾಯರು. “ಏನು ಮಾಡಲಿ ಸ್ವಾಮಿ? ನಾನು ಇನ್ನೆಷ್ಟು ವರ್ಷ ರಾತ್ರಿ ಹೊತ್ತು ಕಡಕೊಳಕ್ಕೆ ಆಟೋ ಹತ್ತಲಿ?” ಎಂದರು ಅವರು.

ಆಗ ರಾಯರು ಕನ್ನಡಕವನ್ನು ತೆಗೆದು ಪಂಚೆಯ ತುದಿಯಿಂದ ಒರಸಿದರು. ಒರಸಿದ ಮೇಲೂ ಹಾಕಿಕೊಳ್ಳದೆ ಕೈಯಲ್ಲಿಯೇ ಹಿಡಿದು ಹೇಳಿದರು: “ಹಿಮ್ಮಡಿ ಸವೆದಿರಲಿಲ್ಲ. ತಿರುಪು ಸಡಿಲವಾಗಿತ್ತು. ಹಿಂದಿನ ಭಾನುವಾರ ಬಿಗಿದವನು ನಾನು. ಬಿಗಿದೆನೆಂದುಕೊಂಡೆ, ಬೆರಳಿನಲ್ಲಿ ಬಲವಿರಲಿಲ್ಲ. ಎಲೆಯ ಮೇಲಿನ ಅಂಕಿಯೂ ಆರು ತಿಂಗಳಿಂದ ಕಾಣಿಸುತ್ತಿಲ್ಲ. ಅಂದಾಜಿನ ಮೇಲೆ ಮಾಡುತ್ತಿದ್ದೇನೆ. ಉಸ್ತಾದರು ನೋಡಿಯೂ ಹೇಳಲಿಲ್ಲ. ಮಗುವನ್ನು ಮಳೆಯಲ್ಲಿ ನಿಲ್ಲಿಸಿದ್ದು ಯಂತ್ರವಲ್ಲ.” ಯಾರೂ ಮಾತನಾಡಲಿಲ್ಲ. ಸೊಸೆಯು ಒಳಗೆ ಹೋಗಿ ಒಂದು ಲೋಟ ನೀರು ತಂದು ಮಾವನ ಮುಂದೆ ಇಟ್ಟಳು. ಹುಡುಗಿಯು ತಾತನ ಪಕ್ಕದಲ್ಲಿ ಬಂದು ಕುಳಿತಳು.

ಹೀಗೆ ಆದೇಶವು ನಿಶ್ಚಯವಾಯಿತು. ಜಾವಾದಂಥ ಗಾಡಿಗೆ ಆದೇಶವನ್ನು ಮಾಡುವ ದಾರಿಗಳು ಒಂದೆರಡಲ್ಲ. ಉಬ್ಬಿನ ಜಾಗದಲ್ಲಿ ಒಂದು ಚಿಕ್ಕ ಅಯಸ್ಕಾಂತವನ್ನೂ ಪಾಯಿಂಟಿನ ಜಾಗದಲ್ಲಿ ಅದರ ಸುಳಿವನ್ನು ಹಿಡಿಯುವ ತುಣುಕನ್ನೂ ಇಡುವುದು ಒಂದು ದಾರಿ. ಅಯಸ್ಕಾಂತದ ಎದುರಿಗೆ ವಿದ್ಯುತ್ತಿನ ಹರಿವು ಪಕ್ಕಕ್ಕೆ ಒಲೆಯುವುದೆಂದು ಎಡ್ವಿನ್ ಹಾಲ್ ಎಂಬ ಅಮೆರಿಕದ ವಿದ್ವಾಂಸನು ೧೮೭೯ರಲ್ಲಿ ಕಂಡ ಸತ್ಯವೇ ಅದರ ಮೂಲ. ಇನ್ನೊಂದು ದಾರಿಯಲ್ಲಿ, ಕಾಯಿಲಿನ ಹರಿವನ್ನು ಕಡಿಯುವ ಬದಲು, ಒಂದು ಕಂಡೆನ್ಸರಿನಲ್ಲಿ ನೂರಾರು ವೋಲ್ಟನ್ನು ತುಂಬಿಟ್ಟು, ಸನ್ನೆ ಬಂದ ಕ್ಷಣದಲ್ಲಿ ಅದೆಲ್ಲವನ್ನೂ ಒಮ್ಮೆಗೇ ಕಾಯಿಲಿಗೆ ಸುರಿಯುವರು. ಇದಕ್ಕೆ ಸಿ. ಡಿ. ಐ. ಎಂದು ಹೆಸರು. ರಾಯರ ಮನೆಯವರು ಆರಿಸಿಕೊಂಡದ್ದು ಇದನ್ನು, ಡೈನಮೋ ಸಮೇತ. ಹಳೆಯ ೬ ವೋಲ್ಟಿನ ಡೈನಮೋವನ್ನು ಪೂರ್ತಿಯಾಗಿ ಕಳಚಿ, ೧೨ ವೋಲ್ಟಿನ ಹೊಸ ಕಟ್ಟನ್ನು ಅದೇ ಜಾಗದಲ್ಲಿ ಕೂರಿಸುವುದು. ಬ್ಯಾಟರಿಯು ಸತ್ತರೂ ಕಿಡಿ ಸಾಯದು. ಗಾಡಿಯ ಮೈಯಲ್ಲಿ ಏನನ್ನೂ ಕೊರೆಯಬೇಕಾಗಿಲ್ಲ, ಕತ್ತರಿಸಬೇಕಾಗಿಲ್ಲ. ಬೇಕೆಂದಾಗ ಹಳೆಯದನ್ನೇ ಹಿಂದಕ್ಕೆ ಹಾಕಬಹುದು. ಈ ಕೊನೆಯ ಮಾತು ರಾಯರಿಗೆ ಸಮಾಧಾನವನ್ನು ಕೊಟ್ಟಿತು.

ಹೊಸ ಕಟ್ಟಿಗೆ ಅದರದೇ ಮಡಿಯುಂಟು. ದೀಪ, ಹಾರನ್, ಬ್ಯಾಟರಿ ಎಲ್ಲವೂ ೧೨ ವೋಲ್ಟಿನವಾಗಬೇಕು. ಪ್ಲಗ್ಗಿನ ಟೋಪಿಯೊಳಗೆ ೫,೦೦೦ ಓಮಿನ ತಡೆಯಿರಬೇಕು. ಇಲ್ಲದಿದ್ದರೆ ಕಿಡಿಯ ಗದ್ದಲವು ಪೆಟ್ಟಿಗೆಯ ಒಳಗನ್ನೇ ಕೆಡಿಸುವುದು. ಪ್ಲಗ್ಗಿನ ತಂತಿಯನ್ನು ಗಾಳಿಯಲ್ಲಿ ಬಿಟ್ಟು ಕಿಕ್ಕರ್ ಒದೆಯಬಾರದು. ತಂತಿಗಳನ್ನು ಅದಲುಬದಲು ಮಾಡಿದರೆ ಕ್ಷಮೆಯಿಲ್ಲ. ಎಲ್ಲಕ್ಕಿಂತಲೂ ದೊಡ್ಡ ಭೇದವು ಕೆಡುವ ರೀತಿಯಲ್ಲಿದೆ. ಪಾಯಿಂಟು ಕೆಡುವುದಕ್ಕೆ ಮುಂಚೆ ನಾಲ್ಕು ದಿನ ನರಳುವುದು; ಬೆಳಿಗ್ಗೆ ಒಂದು ಒದೆ ಹೆಚ್ಚು ಬೇಡುವುದು, ಏರಿನಲ್ಲಿ ಕೆಮ್ಮುವುದು. ಎಲೆಕ್ಟ್ರಾನಿಕ್ ಪೆಟ್ಟಿಗೆಯು ಸಾಮಾನ್ಯವಾಗಿ ವರ್ಷಾನುಗಟ್ಟಲೆ ಏನೂ ಬೇಡುವುದಿಲ್ಲ. ಆದರೆ ಕೆಡುವ ದಿನ ಹೇಳದೆ ಕೇಳದೆ ನಿಂತುಬಿಡುವುದು. ಕಪ್ಪು ಅರಗಿನಂಥದರಲ್ಲಿ ಹುಗಿದಿರುವ ಅದರ ಒಡಲನ್ನು ಯಾವ ಉಸ್ತಾದರೂ ರಸ್ತೆಯ ಬದಿಯಲ್ಲಿ ತೆರೆಯಲಾರರು.

ಕೆಲಸಕ್ಕೆ ಒಂದು ಭಾನುವಾರ ಗೊತ್ತಾಯಿತು. ತಿಂಗಳ ಮೊದಲನೆಯ ಭಾನುವಾರವೇ. ರಾಯರು ಒಂದು ಷರತ್ತನ್ನು ಹಾಕಿದರು. ಹಳೆಯದನ್ನು ಬಿಚ್ಚುವುದಕ್ಕೆ ಮುಂಚೆ ಮೊಮ್ಮಗಳು ತನ್ನ ಕೈಯಿಂದ ಒಂದು ಸಲ ಪಾಯಿಂಟು ಕಟ್ಟಬೇಕು. “ಬಿಚ್ಚಿಹಾಕುವುದನ್ನು ಕಟ್ಟುವುದೇಕೆ ತಾತ?” ಎಂದಳು ಅವಳು. “ಬಿಚ್ಚಿಹಾಕುವುದು ಏನೆಂದು ತಿಳಿದು ಬಿ‌ಚ್ಚು, ಮಗೂ” ಎಂದರು ರಾಯರು. ಮಣೆಯ ಮೇಲೆ ಅವಳು ಕುಳಿತಳು. ಎಡಕ್ಕೆ ತಾತ, ಬಲಕ್ಕೆ ಉಸ್ತಾದರು. ಎಲೆಯು ಮೊದಲು ಜಾರಿತು, ಆಮೇಲೆ ಸಿಕ್ಕಿಕೊಂಡಿತು. ಏಳೆಂಟು ಸಲ ಆದಮೇಲೆ ಅವಳ ಬೆರಳು ನಿಂತಿತು. “ಈಗ?” ಎಂದಳು. ಇಬ್ಬರು ಮುದುಕರೂ ಸರದಿಯಂತೆ ಎಲೆಯನ್ನು ಎಳೆದು ನೋಡಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಟ್ಟುತಿರುಪನ್ನು ಅವಳೇ ಬಿಗಿದಳು. ಗಾಡಿಯು ಮೊದಲ ಒದೆಗೇ ಎದ್ದಿತು. ರಾಯರು ಹಿಂದೆ ಕುಳಿತರು; ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬಂದರು. ಆ ಬಳಿಕ ಹಳೆಯದು ಇಳಿಯಿತು.

ಹೊಸದನ್ನು ಕೂರಿಸುವಾಗ ಒಂದು ವಿನೋದವು ಕಂಡುಬಂದಿತು. ಪಿಸ್ಟನ್ನು ಎಲ್ಲಿರುವಾಗ ಕಿಡಿ ಹಾರಬೇಕೆಂಬುದು ಅಷ್ಟೊಂದು ಜಾಣತನದ ಆ ಪೆಟ್ಟಿಗೆಗೆ ತಾನಾಗಿ ತಿಳಿಯದು. ಪ್ಲಗ್ಗನ್ನು ತೆಗೆದು, ಆ ರಂಧ್ರದಲ್ಲಿ ಕಡ್ಡಿಯನ್ನು ಇಳಿಬಿಟ್ಟು, ಪಿಸ್ಟನ್ನು ಮೇಲಿನ ಕೊನೆಗೆ ಬಂದದ್ದನ್ನು ಗುರುತಿಸಿ, ಅಲ್ಲಿಂದ ಹೇಳಿದಷ್ಟು ಮಿಲಿಮೀಟರು ಹಿಂದಕ್ಕೆ ತಂದು, ಅಲ್ಲಿ ಹೊಸ ಕಟ್ಟಿನ ಗುರುತುಗಳನ್ನು ಒಂದಕ್ಕೊಂದು ಸರಿಹೊಂದಿಸಬೇಕು. ಹುಡುಗಿಯು ಅಳತೆಯನ್ನು ಓದಿದಳು. ಕಡ್ಡಿಯನ್ನು ಹಿಡಿದದ್ದು ಉಸ್ತಾದರ ಕೈ. ಕಾರ್ಖಾನೆಯಲ್ಲಿ ಸಾವಿರಾರು ಗಾಡಿಗಳಿಗೆ ಮಾಡಿದ ಕೆಲಸವನ್ನು ಅವರು ಈ ಗಾಡಿಗೆ ಕೊನೆಯ ಸಲ ಮಾಡಿದರು. ಒಮ್ಮೆ ಹೇಳಿಕೊಟ್ಟರೆ ಸಾಕು, ಹೊಸದು ಮರೆಯುವುದಿಲ್ಲ. ಆದರೆ ಹೇಳಿಕೊಡುವವರು ಒಬ್ಬರು ಇರಲೇಬೇಕು.

ಪಾಣಿನಿಯ ಶಾಸ್ತ್ರದಲ್ಲಿ ಆದೇಶದ ವಿಷಯವಾಗಿ ಒಂದು ಸೂಕ್ಷ್ಮವಾದ ವಿಧಿಯುಂಟು. ಯಾವುದು ತೊಲಗುವುದೋ ಅದಕ್ಕೆ ಸ್ಥಾನಿಯೆಂದು ಹೆಸರು. ಅದರ ಜಾಗಕ್ಕೆ ಬಂದ ಆದೇಶವನ್ನು ಶಾಸ್ತ್ರವು ಸ್ಥಾನಿಯೆಂಬಂತೆಯೇ ನಡೆಸಿಕೊಳ್ಳುವುದು. ಹಳೆಯದಕ್ಕೆ ಇದ್ದ ಅಧಿಕಾರವು ಹೊಸದಕ್ಕೆ ಸಲ್ಲುವುದು. ಆದರೆ ಹಳೆಯದರ ವರ್ಣವನ್ನೇ ನೆಮ್ಮಿ ನಡೆಯುವ ಕಾರ್ಯಗಳು ಮಾತ್ರ ಹೊಸದಕ್ಕೆ ಸಲ್ಲವು. ಯಂತ್ರದಲ್ಲಿಯೂ ಹಾಗೆಯೇ. ಹೊತ್ತಿಗೆ ಸರಿಯಾಗಿ ಕಿಡಿಯನ್ನು ಕರೆಯುವ ಅಧಿಕಾರವು ಪಾಯಿಂಟಿನಿಂದ ಪೆಟ್ಟಿಗೆಗೆ ನಿಶ್ಶೇಷವಾಗಿ ಬಂದಿತು. ಪಿಸ್ಟನ್ನಿಗಾಗಲಿ ಪ್ಲಗ್ಗಿಗಾಗಲಿ ವ್ಯತ್ಯಾಸವು ತಿಳಿಯದು. ಬೆಂಕಿಪೊಟ್ಟಣದ ಪಟ್ಟಿಯಿಂದ ಗುಣವಾಗುವುದು, ನಾಲ್ಕು ದಿನ ಮುಂಚಿತವಾಗಿ ನರಳಿ ತಿಳಿಸುವುದು, ಒಬ್ಬ ಮುದುಕನ ತಿಂಗಳಿಗೊಂದು ಭಾನುವಾರವನ್ನು ತುಂಬುವುದು—ಇವು ಆ ಲೋಹದ ಗುಂಡಿಗಳನ್ನೇ ನೆಮ್ಮಿದ್ದ ಕಾರ್ಯಗಳು, ಅವು ಬರಲಿಲ್ಲ. ಅದಕ್ಕೆ ಹೊಸದನ್ನು ದೂರಿ ಫಲವಿಲ್ಲ. ಬಂದದ್ದು ಏನು, ಬಾರದೆ ಉಳಿದದ್ದು ಏನು ಎಂಬುದನ್ನು ಬೇರೆಬೇರೆಯಾಗಿ ಎಣಿಸಿಟ್ಟುಕೊಳ್ಳುವುದು ವಿವೇಕ. ಎಲ್ಲವೂ ಬಂದಿತೆನ್ನುವವನೂ ಏನೂ ಬರಲಿಲ್ಲವೆನ್ನುವವನೂ ವಿಧಿಯ ಅರ್ಧವನ್ನು ಮಾತ್ರ ಓದಿದವರು.

ಕಳಚಿದ ಡೈನಮೋವನ್ನು, ಪಾಯಿಂಟು, ಕಂಡೆನ್ಸರ್, ಉಣ್ಣೆಯ ತುಣುಕು, ಫೀಲರ್ ಗೇಜು ಸಹಿತವಾಗಿ, ಹಳೆಯ ಪಂಚೆಯ ಬಟ್ಟೆಯಲ್ಲಿ ಸುತ್ತಿ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಮುಚ್ಚಳದ ಒಳಗೆ, ಯಾವ ತಿರುಪು ಎಲ್ಲಿಗೆ ಎಂಬುದನ್ನು ಮೊಮ್ಮಗಳು ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದ್ದಾಳೆ. ಉಸ್ತಾದರ ಗ್ಯಾರೇಜಿಗೆ ಅವಳು ಬಿಡುವಿನ ದಿನಗಳಲ್ಲಿ ಹೋಗುವುದುಂಟು. ಬೇರೆಯವರ ಗಾಡಿಗಳಿಗೆ ಪಾಯಿಂಟು ಕಟ್ಟುವುದನ್ನು ಕಲಿಯುತ್ತಾಳೆ, ಎಲೆಕ್ಟ್ರಾನಿಕ್ ತಂತಿಗಳ ಲೆಕ್ಕವನ್ನು ಉಸ್ತಾದರಿಗೆ ಹೇಳಿಕೊಡುತ್ತಾಳೆ. ರಾಯರು ಕಣ್ಣಿನ ಪೊರೆಯನ್ನು ತೆಗೆಸಿಕೊಂಡರು.

ತಿಂಗಳ ಮೊದಲನೆಯ ಭಾನುವಾರದ ಮಣೆಯು ಈಗಲೂ ಅಂಗಳಕ್ಕೆ ಬರುತ್ತದೆ. ಪಾಯಿಂಟು ಹೋದರೂ ಪ್ಲಗ್ಗು ಇದೆಯಷ್ಟೆ. ಎಣ್ಣೆ ಬೆರೆತ ಪೆಟ್ರೋಲು ಕುಡಿಯುವ ಯಂತ್ರದಲ್ಲಿ ಅದಕ್ಕೆ ಮಸಿ ಹಿಡಿಯುವುದು ತಪ್ಪದು. ಹುಡುಗಿಯು ಅದನ್ನು ಬಿಚ್ಚಿ ತಾತನ ಅಂಗೈಯಲ್ಲಿಡುತ್ತಾಳೆ. ರಾಯರು ಬೆಳಕಿಗೆ ಹಿಡಿದು ಅದರ ಬಣ್ಣವನ್ನು ನೋಡುತ್ತಾರೆ. ಕಾಫಿಪುಡಿಯ ಬಣ್ಣವಿದ್ದರೆ, “ಸರಿಯಾಗಿದೆ, ಹಾಕು” ಎನ್ನುತ್ತಾರೆ.